ನೂರು ಪೌಂಡಿನ ಚರ್ಚೆ

1920ನೆಯ ಇಸವಿಯ ಜುಲೈ 8ರಂದು ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಜನರಲ್ ಡಯರನ ವಿಷಯವಾಗಿ ನಡೆದ ಚರ್ಚೆಯನ್ನು ಆ ಸಭೆಯ ಉಜ್ಜ್ವಲ ದಿನಗಳಲ್ಲಿ ಒಂದೆಂದು ಎಣಿಸುವುದು ಇಂಗ್ಲಿಷ್ ಗ್ರಂಥಕರ್ತರಲ್ಲಿ ಸಂಪ್ರದಾಯವೇ ಆಗಿಹೋಗಿದೆ. ಆ ಸಂಪ್ರದಾಯವನ್ನು ನಮ್ಮಲ್ಲಿಯೂ ಓದುಬರಹ ಬಲ್ಲ ಅನೇಕರು ಹೆಚ್ಚು ವಿಚಾರಮಾಡದೆ ಅಂಗೀಕರಿಸಿದ್ದಾರೆ. ಅವರು ಹೇಳುವುದು ಇಷ್ಟು: ಅಮೃತಸರದಲ್ಲಿ ಒಬ್ಬ ಸೇನಾನಿ ಘೋರಕೃತ್ಯವನ್ನೆಸಗಿದನು, ನಿಜ, ಆದರೆ ಅವನನ್ನು ಪಂಜಾಬಿನ ರಕ್ಷಕನೆಂದು ಕೊಂಡಾಡುತ್ತಿದ್ದ ಪತ್ರಿಕೆಗಳಿಗೂ, ಸರ್ಕಾರದ ಕಡೆಯ ಪೀಠಗಳಿಂದಲೇ ಎದ್ದ ಕೂಗಾಟಕ್ಕೂ ಅಂಜದೆ, ಯುದ್ಧಮಂತ್ರಿ ವಿನ್‌ಸ್ಟನ್ ಚರ್ಚಿಲ್ಲರು ಎದ್ದು ನಿಂತು, ಆ ಕೃತ್ಯವನ್ನು ರಾಕ್ಷಸೀಯವೆಂದು ಕರೆದು, ಸಾಮ್ರಾಜ್ಯದ ನೀತಿಗೂ ಅದಕ್ಕೂ ಸಂಬಂಧವಿಲ್ಲವೆಂದು ಸಾರಿ, ಸಭೆಯ ಮನಸ್ಸನ್ನು ತಿರುಗಿಸಿದರು, ತನ್ನ ತಪ್ಪನ್ನು ತಾನೇ ಬಹಿರಂಗವಾಗಿ ಖಂಡಿಸಿಕೊಂಡ ಸಾಮ್ರಾಜ್ಯ ಬೇರೊಂದುಂಟೆ? 2013ರ ಫೆಬ್ರವರಿಯಲ್ಲಿ ಜಲಿಯನ್‌ವಾಲಾ ಬಾಗಿಗೆ ಬಂದ ಬ್ರಿಟನ್ನಿನ ಅಂದಿನ ಪ್ರಧಾನಮಂತ್ರಿ ಡೇವಿಡ್ ಕ್ಯಾಮೆರಾನರು ಸಂದರ್ಶಕರ ಪುಸ್ತಕದಲ್ಲಿ ಆ ಘಟನೆ ನಾಚಿಕೆಗೇಡಿನದೆಂದು ಬರೆದು, ಕೂಡಲೇ ಚರ್ಚಿಲ್ಲರ ಆ ವಿಶೇಷಣವನ್ನೂ ಆಶ್ರಯಿಸಿದರು. ಸುಮಾರು ಒಂದು ಶತಮಾನ ಕಳೆದ ಮೇಲೂ ಒಂದು ಭಾಷಣ ಕ್ಷಮಾಪಣೆಯ ಸ್ಥಾನದಲ್ಲಿ ನಿಂತು ಕೆಲಸಮಾಡುತ್ತಿರುವುದನ್ನು ಕಂಡಾಗ, ಆ ಭಾಷಣ ಯಾವ ಕೆಲಸಕ್ಕಾಗಿ ಸಿದ್ಧವಾದುದೆಂದು ವಿಚಾರಿಸುವುದು ಅಕಾಲಿಕವಾಗಲಾರದು.

ಮಂತ್ರಿಗಳು ಪಾರ್ಲಿಮೆಂಟಿನ ಚರ್ಚೆಗೆ ಸಿದ್ಧರಾಗುವುದೆಂದರೆ ಸೊಗಸಾದ ವಾಕ್ಯಗಳನ್ನು ಜೋಡಿಸಿಕೊಳ್ಳುವುದೆಂದು ಹೊರಗಿನವರು ಭಾವಿಸಿರುತ್ತಾರೆ. ಅದು ಸಿದ್ಧತೆಯ ಕೊನೆಯ ಭಾಗ, ಅತ್ಯಂತ ಲಘುವಾದ ಭಾಗ. ಯಾವ ಕಾಗದಪತ್ರಗಳನ್ನು ಸಭೆಯ ಮುಂದಿಡಬೇಕು, ಎಂದು ಇಡಬೇಕು, ಯಾರ ಹೆಸರನ್ನು ಎತ್ತಬೇಕು, ಯಾರ ಹೆಸರು ಏಳದಂತೆ ನೋಡಿಕೊಳ್ಳಬೇಕು, ಎಷ್ಟನ್ನು ಬಿಟ್ಟುಕೊಟ್ಟರೆ ಉಳಿದುದು ಭದ್ರವಾಗುತ್ತದೆ, ಮತಕ್ಕೆ ಬೀಳುವ ಸೂಚನೆ ಯಾವ ರೂಪದಲ್ಲಿ ಬಂದರೆ ಸರ್ಕಾರಕ್ಕೆ ಕ್ಷೇಮ, ಇವೆಲ್ಲ ಮುಂಚೆಯೇ ಕಚೇರಿಗಳಲ್ಲಿ, ಉಪಸಮಿತಿಗಳಲ್ಲಿ, ಕರಡಿನ ಅಂಚುಗಳಲ್ಲಿ ನಿಶ್ಚಿತವಾಗಿರುತ್ತವೆ. ವಸಾಹತುನೀತಿಯ ಚರ್ಚೆಯಲ್ಲಂತೂ ಈ ಪೂರ್ವನಿಶ್ಚಯದ ಬಲ ಮತ್ತೂ ಅಧಿಕ. ಏಕೆಂದರೆ ಆ ನೀತಿ ಯಾರ ಬೆನ್ನ ಮೇಲೆ ನಡೆಯುತ್ತದೆಯೋ ಅವರಲ್ಲಿ ಒಬ್ಬರೂ ಎದ್ದು ನಿಂತು, ಸ್ವಾಮಿ, ನೀವು ಹೇಳಿದುದರಲ್ಲಿ ಇಂಥದು ಬಿಟ್ಟುಹೋಗಿದೆ, ಎನ್ನುವಂತಿಲ್ಲ. 1920ರ ಕಾಮನ್ಸ್ ಸಭೆಯಲ್ಲಿ ಭಾರತೀಯ ಸದಸ್ಯನೊಬ್ಬನೂ ಇರಲಿಲ್ಲ. ಡಯರನು ಮಾತ್ರ ಪತ್ನೀಸಮೇತನಾಗಿ ಮೇಲಿನ ಗ್ಯಾಲರಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದನು. ನನ್ನ ವಾದವಿಷ್ಟು: ಆ ದಿನದ ತೀರ್ಪು ಭಾಷಣಗಳಲ್ಲಿಲ್ಲ, ಅದಕ್ಕೆ ಮುಂಚಿನ ಆರು ವಾರಗಳ ಸಿದ್ಧತೆಯಲ್ಲಿದೆ, ಆ ಸಿದ್ಧತೆಯ ಗುರಿ ಸತ್ತವರಿಗೆ ನ್ಯಾಯ ಒದಗಿಸುವುದಾಗಿರದೆ, ಅಪರಾಧವನ್ನು ಒಬ್ಬ ಮನುಷ್ಯನ ಗಾತ್ರಕ್ಕೆ ಕುಗ್ಗಿಸುವುದಾಗಿದ್ದಿತು.

ಘಟನೆಯನ್ನು ಎಲ್ಲರೂ ಬಲ್ಲರು. ಆದರೂ ವಾದಕ್ಕೆ ಬೇಕಾದಷ್ಟನ್ನು ನೆನೆಯಬೇಕು. 1919ರ ಏಪ್ರಿಲ್ 13, ಬೈಸಾಖಿಯ ದಿನ, ಅಮೃತಸರದಲ್ಲಿ ಗೋಡೆಗಳಿಂದ ಸುತ್ತುವರಿದ ಜಲಿಯನ್‌ವಾಲಾ ಬಾಗ್ ಎಂಬ ಮೈದಾನದಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ, ಒಂದು ಮಾತಿನ ಎಚ್ಚರಿಕೆಯೂ ಇಲ್ಲದೆ, ಡಯರನ ಆಜ್ಞೆಯಂತೆ, 50 ಬಂದೂಕುಗಳಿಂದ ಸುಮಾರು 10 ನಿಮಿಷಗಳ ಕಾಲ 1650 ಗುಂಡುಗಳು ಹಾರಿದವು. ಸರ್ಕಾರದ ಎಣಿಕೆಯಂತೆಯೇ 379 ಮಂದಿ ಸತ್ತರು. ಗಾಯಗೊಂಡವರನ್ನು ಅಲ್ಲಿಯೇ ಬಿಟ್ಟು ಸೈನ್ಯ ಹಿಂದಿರುಗಿತು. ಕೆಲವು ದಿನಗಳ ತರುವಾಯ ಒಂದು ಓಣಿಯಲ್ಲಿ ಭಾರತೀಯರು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕೆಂದು ಆಜ್ಞೆಯಾಯಿತು. ಪಂಜಾಬಿನ ಬೇರೆ ಊರುಗಳಲ್ಲಿ ಛಡಿಯೇಟು, ಸಲಾಮಿನ ಆಜ್ಞೆ, ಮತ್ತು ಏಪ್ರಿಲ್ 14ರಂದು ಗುಜ್ರಾನ್‌ವಾಲಾದ ಮೇಲೆ ವಿಮಾನಗಳಿಂದ ಬಾಂಬು. ಇವೆಲ್ಲ ನಡೆದ ಐದು ತಿಂಗಳಿಗೆ, ವಿಚಾರಣೆ ಇನ್ನೂ ಆರಂಭವಾಗುವ ಮುನ್ನವೇ, ಸಿಮ್ಲೆಯ ಶಾಸನಸಭೆಯಲ್ಲಿ ಅಧಿಕಾರಿಗಳನ್ನು ರಕ್ಷಿಸುವ ಅಭಯದ ಕಾನೂನು ಸಿದ್ಧವಾಗಿ ಬಂದಿತು. ಪಂಡಿತ ಮದನಮೋಹನ ಮಾಲವೀಯರು ಗಂಟೆಗಟ್ಟಲೆ ಮಾತನಾಡಿ ವಿರೋಧಿಸಿದರೂ ಅದು ಅಂಗೀಕೃತವಾಯಿತು. ಅನಂತರವೇ ಲಾರ್ಡ್ ಹಂಟರರ ಸಮಿತಿ ನೇಮಕಗೊಂಡುದು. ಮೊದಲು ಕವಚ, ಆಮೇಲೆ ಪ್ರಶ್ನೆ. ಸಿದ್ಧತೆಯ ಕ್ರಮವನ್ನು ಅರಿಯಬೇಕೆನ್ನುವವರು ಈ ಅನುಕ್ರಮದಿಂದಲೇ ಪ್ರಾರಂಭಿಸಬೇಕು.

ಆ ಸಮಿತಿಯ ಮುಂದೆ ಡಯರನು ಏನನ್ನೂ ಮರೆಮಾಚಲಿಲ್ಲ ಎಂಬುದು ಮಂತ್ರಿಗಳಿಗೆ ಒದಗಿದ ದೊಡ್ಡ ಸಂಕಟ. ಗುಂಡು ಹಾರಿಸದೆಯೇ ಗುಂಪನ್ನು ಚದುರಿಸಬಹುದಾಗಿತ್ತೆಂದೂ, ಆದರೆ ಅವರು ಮತ್ತೆ ಬಂದು ತನ್ನನ್ನು ನೋಡಿ ನಗುತ್ತಿದ್ದರೆಂದೂ, ಪಂಜಾಬಿನ ಉದ್ದಗಲಕ್ಕೂ ಜನರ ಮನಸ್ಸಿನ ಮೇಲೆ ಪರಿಣಾಮವಾಗಲೆಂಬುದೇ ತನ್ನ ಉದ್ದೇಶವಾಗಿತ್ತೆಂದೂ ಅವನು ಲಾಹೋರಿನಲ್ಲಿ ಸ್ಪಷ್ಟವಾಗಿ ನುಡಿದನು. ಮೈದಾನವನ್ನು ಹೊಗುವ ಓಣಿ ಇಕ್ಕಟ್ಟಾದುದರಿಂದ ಹೊರಗೆ ಉಳಿದುಹೋದ ಕವಚದ ಮೋಟಾರುಗಳು ಒಳಗೆ ಬರುವಂತಿದ್ದರೆ ಅವುಗಳಲ್ಲಿದ್ದ ಯಂತ್ರಬಂದೂಕುಗಳನ್ನೂ ಬಳಸುತ್ತಿದ್ದಿರಾ ಎಂದು ಸಮಿತಿಯ ಸದಸ್ಯ ಸರ್ ಚಿಮನ್‌ಲಾಲ್ ಸೆಟಲ್‌ವಾಡರು ಕೇಳಿದುದಕ್ಕೆ, ಬಹುಶಃ ಹೌದು, ಎಂದನು. ಕೆಟ್ಟ ಸಿದ್ಧಾಂತವನ್ನಾದರೂ ಪ್ರಾಮಾಣಿಕವಾಗಿ ಹೇಳಿದ ಮನುಷ್ಯನಿವನು. ಭಯವೇ ಆಳ್ವಿಕೆಯ ಆಧಾರವೆಂಬ ಆ ಸಿದ್ಧಾಂತ ಅವನೊಬ್ಬನದೋ, ಅವನನ್ನು ಮೂವತ್ತನಾಲ್ಕು ವರ್ಷ ಸಾಕಿ ಬೆಳಸಿದ ವ್ಯವಸ್ಥೆಯದೋ? ಪಾರ್ಲಿಮೆಂಟಿನ ಮುಂದೆ ಬರಬೇಕಾಗಿದ್ದ ಪ್ರಶ್ನೆ ಇದು. ಇದೇ ಬರಬಾರದೆಂದು ಲಂಡನ್ನಿನಲ್ಲಿ ಪರಿಶ್ರಮ ನಡೆಯಿತು.

ಪರಿಶ್ರಮದ ಮೊದಲ ಹಂತ ಮೇ ತಿಂಗಳ ಆಜ್ಞಾಪತ್ರ. ಹಂಟರ್ ಸಮಿತಿಯಲ್ಲಿ ಯೂರೋಪಿಯನ್ ಸದಸ್ಯರು ಒಂದು ವರದಿಗೂ ಭಾರತೀಯ ಸದಸ್ಯರು ಮೂವರೂ ಇನ್ನೊಂದು ವರದಿಗೂ ಸಹಿಮಾಡಿದ್ದರು. ಪಂಜಾಬಿನಲ್ಲಿ ಸೈನಿಕ ಕಾನೂನಿನ ಅವಶ್ಯಕತೆಯೇ ಇರಲಿಲ್ಲವೆಂಬುದು ಎರಡನೆಯವರ ಮತ. ಭಾರತಮಂತ್ರಿ ಎಡ್ವಿನ್ ಮಾಂಟೆಗ್ಯು ಅವರ ಅಧ್ಯಕ್ಷತೆಯಲ್ಲಿ ಮಂತ್ರಿಮಂಡಲದ ಉಪಸಮಿತಿಯೊಂದು ಕುಳಿತು ಇವನ್ನು ಪರಿಶೀಲಿಸಿ, ಸರ್ಕಾರದ ನಿರ್ಣಯವನ್ನು ಹೊಂದಿಸಿತು. 1920ರ ಮೇ 26ರಂದು ವರದಿಗಳು ಪ್ರಕಟವಾದಾಗ ಆ ನಿರ್ಣಯವೂ ಜೊತೆಯಲ್ಲಿ ಹೊರಬಿದ್ದಿತು. ಅದರಲ್ಲಿ ಒಳ್ಳೆಯ ಮಾತುಗಳಿಲ್ಲವೆಂದು ನಾನು ಹೇಳುವುದಿಲ್ಲ. ಜನರ ಮನಸ್ಸಿನ ಮೇಲೆ ಪರಿಣಾಮ ಬೀರುವುದಕ್ಕಾಗಿ ಕೊಲ್ಲುವುದು ಬ್ರಿಟಿಷ್ ನೀತಿಯಲ್ಲವೆಂದು ಅದು ನಿಷ್ಠುರವಾಗಿ ಹೇಳಿತು. ತೆವಳುವ ಆಜ್ಞೆಯನ್ನು ಧಿಕ್ಕರಿಸಿತು. ಆದರೆ ಡಯರನ ಕೃತ್ಯವನ್ನು ತಿಳಿದೊಡನೆಯೇ, ನಿಮ್ಮ ಕ್ರಮ ಸರಿಯಾದುದು, ಲೆಫ್ಟಿನೆಂಟ್ ಗವರ್ನರರೂ ಒಪ್ಪಿದ್ದಾರೆ, ಎಂದು ತಂತಿ ಹೋಗುವುದಕ್ಕೆ ಕಾರಣರಾದ, ಆಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರರಾಗಿದ್ದ ಸರ್ ಮೈಕೇಲ್ ಓಡ್ವಯರರ ಚೈತನ್ಯ, ನಿರ್ಧಾರಶಕ್ತಿ, ಧೈರ್ಯಗಳಿಗೆ ಅದೇ ಪತ್ರ ಗೌರವ ಸೂಚಿಸಿತು. ವೈಸ್‌ರಾಯ್ ಚೆಲ್ಮ್ಸ್‌ಫರ್ಡರ ಮೇಲೆ ದೋಷವನ್ನು ಹೊರಿಸಲಿಲ್ಲ. ಹೊರಿಸುವುದು ಮಾಂಟೆಗ್ಯು ಅವರಿಂದ ಸಾಧ್ಯವೂ ಇರಲಿಲ್ಲ. ಅವರಿಬ್ಬರ ಹೆಸರೂ ಕೂಡಿಕೊಂಡಿದ್ದ ಸುಧಾರಣೆಗಳು ಆಗತಾನೆ ಕಾನೂನಾಗಿದ್ದುವು, ಒಂದು ಹೆಸರಿಗೆ ಮಸಿ ತಗುಲಿದರೆ ಇನ್ನೊಂದಕ್ಕೆ ತಗುಲದಿರದು. ಹೀಗೆ ಚರ್ಚೆಗೆ ಆರು ವಾರ ಮುಂಚೆಯೇ, ಬೇಲಿ ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಾಗಿಹೋಯಿತು: ಒಳಗೆ ಡಯರ್, ಹೊರಗೆ ಅವನ ಮೇಲಿನವರೆಲ್ಲರು.

ಇದೇ ಕಾಲದಲ್ಲಿ ಕಾಂಗ್ರೆಸ್ಸಿನ ಪರವಾಗಿ ಗಾಂಧೀಜಿ, ಚಿತ್ತರಂಜನ ದಾಸ್, ಅಬ್ಬಾಸ್ ತ್ಯಾಬ್‌ಜಿ, ಜಯಕರ್ ಇವರು ಊರೂರು ತಿರುಗಿ, 1700ಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಸುಮಾರು 650 ಹೇಳಿಕೆಗಳನ್ನು ಅಚ್ಚುಹಾಕಿಸಿದ್ದರು. ಓಣಿಯಲ್ಲಿ ತೆವಳಿದವರು, ರಾತ್ರಿಯಿಡೀ ಹೆಣಗಳ ನಡುವೆ ಕುಳಿತವರು, ಮಕ್ಕಳನ್ನು ಹುಡುಕಿಕೊಂಡು ಬಂದವರು, ಇವರೆಲ್ಲರ ಮಾತು ಅಲ್ಲಿದ್ದಿತು. ಆ ವರದಿಯ ಮೇಲೆ ಆಧಾರಪಟ್ಟ ಯಾವ ನಿರ್ಣಯವನ್ನೂ ಮಂತ್ರಿಗಳು ಸಭೆಯ ಮುಂದಿಡಲಿಲ್ಲ. ಸೇನಾ ಮಂಡಲಿಯ ಅವಗಾಹನೆಗೆಂದು ನ್ಯಾಯವಾದಿಗಳ ನೆರವಿನಿಂದ ಡಯರನು ಸಿದ್ಧಪಡಿಸಿದ ದೀರ್ಘ ಸಮರ್ಥನೆಯಾದರೋ ಸರ್ಕಾರದ ಪ್ರಕಟಣೆಯಾಗಿಯೇ ಅಚ್ಚಾಗಿ ಹೊರಬಂದಿತು.

ಎರಡನೆಯ ಹಂತ ಸೇನಾ ಮಂಡಲಿಯೊಡನೆ ನಡೆದ ವ್ಯವಹಾರ. ಚರ್ಚಿಲ್ಲರ ನಿಜವಾದ ಸಿದ್ಧತೆ ಇಲ್ಲಿದೆ. ಡಯರನನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಬೇಕೆಂಬುದು ಅವರ ಇಷ್ಟವಾಗಿದ್ದಿತು. ಇದನ್ನು ಅವರಿಗೆ ಸಲ್ಲಿಸಲೇಬೇಕು. ಆದರೆ ಮಂಡಲಿಯ ಸೇನಾನಿಗಳು, ಅವರಲ್ಲಿ ಅಗ್ರಗಣ್ಯನಾದ ಸರ್ ಹೆನ್ರಿ ವಿಲ್ಸನ್, ರಾಜಕಾರಣಿಗಳ ಒತ್ತಾಯಕ್ಕೆ ಒಬ್ಬ ಸೈನಿಕನನ್ನು ಬಲಿಗೊಡುವುದಕ್ಕೆ ಒಪ್ಪಲಿಲ್ಲ. ಡಯರನ ಸಮಜಾಯಿಷಿಯನ್ನು ಕೇಳದೆ ನಿರ್ಣಯಿಸುವುದಿಲ್ಲವೆಂದು ಹಟಹಿಡಿದರು. ಚೌಕಾಶಿ ವಾರಗಟ್ಟಲೆ ನಡೆದು, ಚರ್ಚೆಯ ದಿನ ಹತ್ತಿರವಾದಂತೆ ಒಂದು ಸಂಧಾನ ಏರ್ಪಟ್ಟಿತು: ಡಯರನದು ವಿವೇಚನೆಯ ತಪ್ಪು, ಅವನಿಗೆ ಇನ್ನು ಕೆಲಸವಿಲ್ಲ, ಅರ್ಧ ಸಂಬಳದ ಮೇಲಿದ್ದಾನೆ, ಹೆಚ್ಚಿನ ಕ್ರಮ ಅನಾವಶ್ಯಕ. 379 ಹೆಣಗಳನ್ನು ಬೀಳಿಸಿದ ಕೃತ್ಯಕ್ಕೆ ಸಾಮ್ರಾಜ್ಯದ ಅತ್ಯುಚ್ಚ ಸೈನಿಕ ಸಂಸ್ಥೆ ಇಟ್ಟ ಹೆಸರು ವಿವೇಚನೆಯ ತಪ್ಪು ಎಂಬುದನ್ನು, ಚರ್ಚಿಲ್ಲರ ಭಾಷಣವನ್ನು ಹೊಗಳುವವರು ಏಕೋ ಬಾಯಿಬಿಟ್ಟು ಹೇಳುವುದಿಲ್ಲ. ಭಾಷಣದಲ್ಲಿ ರಾಕ್ಷಸೀಯವೆಂಬ ಮಾತು; ಕಡತದಲ್ಲಿ ವಿವೇಚನೆಯ ತಪ್ಪು. ಸರ್ಕಾರ ನಡೆದುಕೊಂಡುದು ಕಡತದ ಮಾತಿನಂತೆ.

ಹಾಗಾದರೆ ಆ ಭಾಷಣ ಏನನ್ನು ಸಾಧಿಸಬೇಕಾಗಿದ್ದಿತು? ನಿರ್ಣಯಕ್ಕಿಂತ ದೊಡ್ಡದಾದ ಧ್ವನಿಯೊಂದನ್ನು ನಿರ್ಣಯಕ್ಕೆ ಒದಗಿಸಬೇಕಾಗಿದ್ದಿತು. 1904ರಲ್ಲಿ ಒಮ್ಮೆ ಸಭೆಯಲ್ಲಿ ಮಾತು ಮರೆತು ನಿಂತುಹೋದಂದಿನಿಂದ ಚರ್ಚಿಲ್ಲರು ವಿವರವಾದ ಟಿಪ್ಪಣಿ ಕೈಯಲ್ಲಿಲ್ಲದೆ ದೊಡ್ಡ ಭಾಷಣಕ್ಕೆ ಏಳುತ್ತಿರಲಿಲ್ಲ. ಈ ಭಾಷಣದ ರಚನೆಯಲ್ಲಿಯೂ ಆ ಎಚ್ಚರ ಎದ್ದು ಕಾಣುತ್ತದೆ. ಆರಂಭದಲ್ಲಿ ಅವರು ರಕ್ತದ ಮಾತನ್ನೇ ಎತ್ತುವುದಿಲ್ಲ. ಸೇನಾಧಿಕಾರಿಗಳ ಸೇವಾನಿಯಮಗಳೇನು, ಕೆಲಸದಿಂದ ತೆಗೆಯುವುದಕ್ಕೂ ಶಿಕ್ಷಿಸುವುದಕ್ಕೂ ಭೇದವೇನು, ಯುದ್ಧ ಮುಗಿದ ಮೇಲೆ ಎಷ್ಟೊಂದು ಮಂದಿ ಅಧಿಕಾರಿಗಳು ಯಾವ ತಪ್ಪೂ ಇಲ್ಲದೆ ಕೆಲಸ ಕಳೆದುಕೊಂಡಿದ್ದಾರೆ, ಎಂದು ನಿಧಾನವಾಗಿ ವಿವರಿಸುತ್ತ, ಮಾಂಟೆಗ್ಯು ಅವರ ಭಾಷಣದಿಂದ ಕೆರಳಿದ್ದ ಸಭೆಯನ್ನು ಆಕಳಿಸುವಷ್ಟರ ಮಟ್ಟಿಗೆ ಶಾಂತಗೊಳಿಸುತ್ತಾರೆ. ವಾಗ್ಮಿತೆಯ ದೃಷ್ಟಿಯಿಂದ ಇದು ಶ್ಲಾಘ್ಯವೇ. ಅನಂತರ ಗುಂಪು ನಿರಾಯುಧವಾಗಿದ್ದಿತು, ಆಕ್ರಮಣ ಮಾಡುತ್ತಿರಲಿಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಒತ್ತಟ್ಟಿಗೆ ಸೇರಿತ್ತು, ಎಂದು ಚಿತ್ರಿಸಿ, ಸಭೆಯ ಕಣ್ಣಮುಂದೆ ಆ ಮೈದಾನವನ್ನು ತಂದು ನಿಲ್ಲಿಸುತ್ತಾರೆ. ಅದರ ವಿಸ್ತಾರವನ್ನು ಟ್ರಫಾಲ್ಗರ್ ಚೌಕದೊಡನೆ ಹೋಲಿಸುತ್ತಾರೆ. ನಡುವೆ ಬೋಲ್ಷೆವಿಕರನ್ನು ಬಯ್ಯುವುದಕ್ಕೂ ಅವಕಾಶ ಕಂಡುಕೊಳ್ಳುತ್ತಾರೆ. ಆ ವರ್ಷ ಅವರು ಮಳೆಯ ವಿಷಯವನ್ನು ಮಾತನಾಡಿದ್ದರೂ ಬೋಲ್ಷೆವಿಕರು ಬರದೆ ಇರುತ್ತಿರಲಿಲ್ಲವೇನೋ!

ಕಡೆಗೆ ಶಿಕ್ಷೆಯ ಪ್ರಶ್ನೆ ಬಂದಿತು. ಕಡ್ಡಾಯ ನಿವೃತ್ತಿಯೇ ಯೋಗ್ಯವೆಂಬುದು ತಮ್ಮ ಸ್ವಂತ ಅಭಿಪ್ರಾಯವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳಿ, ಅದಕ್ಕೆ ಅಡ್ಡಿಯೇನೆಂದು ವಿವರಿಸಿದರು. ಡಯರನ ಮೇಲಧಿಕಾರಿಗಳು ಆಗಲೇ ಅವನ ಕೃತ್ಯವನ್ನು ಒಪ್ಪಿದ್ದರು. ಅಷ್ಟೇ ಅಲ್ಲ, ಮರುತಿಂಗಳು ಆಫ್ಘನ್ ಯುದ್ಧದಲ್ಲಿ ಅವನಿಗೆ ಸೈನ್ಯವನ್ನೂ ಒಪ್ಪಿಸಿದ್ದರು, ಅವನು ಥಲ್ ಕೋಟೆಯ ಮುತ್ತಿಗೆಯನ್ನು ಬಿಡಿಸಿದ್ದನು. ಒಪ್ಪಿಗೆ ಪಡೆದ ಕೃತ್ಯಕ್ಕೆ ಈಗ ಶಿಕ್ಷೆ ವಿಧಿಸುವುದು ನ್ಯಾಯವಾಗದು. ಈ ವಾದವನ್ನು ಎರಡು ಸಲ ಓದಿಕೊಳ್ಳಬೇಕು. ಮೇಲಿನವರು ಒಪ್ಪಿದ್ದರೆಂಬ ಕಾರಣದಿಂದ ಡಯರನಿಗೆ ಶಿಕ್ಷೆಯಿಲ್ಲ; ಗುಂಡು ಹಾರಿಸಿದವನು ಡಯರನೆಂಬ ಕಾರಣದಿಂದ ಮೇಲಿನವರ ಮೇಲೆ ದೋಷವಿಲ್ಲ. ಒಪ್ಪಿಗೆ ಎಂಬ ಒಂದೇ ಸಂಗತಿ ಕೆಳಗಿನವನಿಗೆ ಗುರಾಣಿಯಾಗುವಷ್ಟು ಗುರುತರವಾಗಿಯೂ, ಒಪ್ಪಿದವರನ್ನು ಮುಟ್ಟದಿರುವಷ್ಟು ಲಘುವಾಗಿಯೂ ಒಂದೇ ಭಾಷಣದಲ್ಲಿ ಇರಬಲ್ಲುದೆಂದರೆ, ಆ ಭಾಷಣದ ಹಿಂದಿನ ಸಿದ್ಧತೆ ಎಷ್ಟು ಕುಶಲವಾದುದೆಂದು ತಿಳಿಯುತ್ತದೆ. ಎದುರು ಪೀಠದಲ್ಲಿ ಕುಳಿತ ವಕೀಲರು, ಮಾಜಿ ಪ್ರಧಾನಿ ಆಸ್ಕ್ವಿತ್ತರೂ ಸೇರಿ, ಇದನ್ನು ಕೇಳಿಸಿಕೊಂಡು ಸರ್ಕಾರವನ್ನೇ ಬೆಂಬಲಿಸಿದರು.

ಇನ್ನು ಆ ಪ್ರಸಿದ್ಧ ಮಾತು: ಬ್ರಿಟಿಷ್ ಸಾಮ್ರಾಜ್ಯದ ಆಧುನಿಕ ಇತಿಹಾಸದಲ್ಲಿ ಇದಕ್ಕೆ ಪೂರ್ವೋದಾಹರಣೆಯಿಲ್ಲ, ಸಮಾನವಾದುದಿಲ್ಲ, ಇದು ಏಕಾಂತವಾಗಿ ನಿಂತಿರುವ ಘಟನೆ. ಪಶ್ಚಾತ್ತಾಪದ ಉದ್ಗಾರವೆಂದು ಇದನ್ನು ಓದುವುದು ರೂಢಿ. ನನಗಾದರೋ ಇದು ಇಡೀ ಸಿದ್ಧತೆಯ ಪ್ರತಿಜ್ಞಾವಾಕ್ಯವೆಂದೇ ತೋರುತ್ತದೆ. ಮೇ ತಿಂಗಳ ಆಜ್ಞಾಪತ್ರ ಬೇಲಿಯಿಂದ ಮಾಡಿದುದನ್ನು ಇದು ಅಲಂಕಾರದಿಂದ ಮಾಡುತ್ತದೆ. ಮಾತು ಸತ್ಯವಾಗಿದ್ದರೆ ಅಲಂಕಾರವನ್ನು ಕ್ಷಮಿಸಬಹುದಾಗಿತ್ತು. ದೂರ ಹೋಗುವುದು ಬೇಡ, ಅದೇ ಅಮೃತಸರ ಜಿಲ್ಲೆಯ ಅಜ್ನಾಲಾದಲ್ಲಿ, 1857ರ ಆಗಸ್ಟ್ 1ರಂದು, ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ಎಂಬವನು 26ನೆಯ ದೇಶೀ ಪದಾತಿದಳದ 282 ಸಿಪಾಯಿಗಳನ್ನು, ಕೆಲವರನ್ನು ಗುಂಡಿಟ್ಟೂ ಕೆಲವರನ್ನು ಉಸಿರುಕಟ್ಟಿಸಿಯೂ ಕೊಂದು, ಹೆಣಗಳನ್ನು ಬಾವಿಗೆ ತುಂಬಿದನು. ಪಂಜಾಬಿನ ಅಂದಿನ ಆಡಳಿತ ಅವನನ್ನು ಅಭಿನಂದಿಸಿತು. ಅವನು ತಾನೇ ಒಂದು ಪುಸ್ತಕ ಬರೆದು ಅದನ್ನು ಹೆಮ್ಮೆಯಿಂದ ವರ್ಣಿಸಿಕೊಂಡನು. 1872ರಲ್ಲಿ ಅದೇ ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಕೂಕಾ ಪಂಥದ ಸಿಖ್ಖರನ್ನು ಸರಿಯಾದ ವಿಚಾರಣೆಯಿಲ್ಲದೆ ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಾಯಿತು. ಅಲ್ಲಿಯೂ ಅಧಿಕಾರಿಯನ್ನು ಕೆಲಸದಿಂದ ತೆಗೆದರು, ಅಷ್ಟಕ್ಕೆ ವಿಷಯ ಮುಗಿಯಿತು. ಕೃತ್ಯಕ್ಕೆ ಮಾತ್ರವಲ್ಲ, ಅದನ್ನು ಮುಗಿಸುವ ಕ್ರಮಕ್ಕೂ ಪೂರ್ವೋದಾಹರಣೆಯಿದ್ದಿತು.

ಭಾರತದ ಹೊರಗೆ 1865ರ ಜಮೈಕಾವನ್ನು ನೆನೆದರೆ ಸಾಕು. ಮೊರಾಂಟ್ ಬೇ ಎಂಬಲ್ಲಿ ಎದ್ದ ದಂಗೆಯನ್ನು ಅಡಗಿಸುವುದಕ್ಕಾಗಿ ಗವರ್ನರ್ ಐರ್ ಸೈನಿಕ ಕಾನೂನನ್ನು ಸಾರಿ ನೂರಾರು ಮಂದಿ ಕರಿಯರನ್ನು ಕೊಲ್ಲಿಸಿದನು. ಆಗಲೂ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆಯಿತು, ಜಾನ್ ಸ್ಟೂಅರ್ಟ್ ಮಿಲ್ಲರಂಥವರು ಅವನನ್ನು ನ್ಯಾಯಸ್ಥಾನಕ್ಕೆ ಎಳೆಯಬೇಕೆಂದು ಶ್ರಮಿಸಿದರು, ಕಾರ್ಲೈಲರಂಥವರು ಅವನ ರಕ್ಷಣೆಗೆ ನಿಧಿ ಕೂಡಿಸಿದರು, ಅವನಿಗೆ ಶಿಕ್ಷೆಯಾಗಲಿಲ್ಲ. 1920ರ ನಾಟಕದ ಪಾತ್ರಗಳೆಲ್ಲವೂ ಐವತ್ತೈದು ವರ್ಷ ಮುಂಚೆಯೇ ರಂಗಕ್ಕೆ ಬಂದುಹೋಗಿದ್ದುವು. ಚರ್ಚಿಲ್ಲರು ಇದನ್ನು ಅರಿಯದವರಲ್ಲ. ಅವರು ಇತಿಹಾಸವನ್ನು ಓದಿದವರು ಮಾತ್ರವಲ್ಲ, 1898ರಲ್ಲಿ ಓಮ್‌ದುರ್ಮಾನಿನಲ್ಲಿ, ಯಂತ್ರಬಂದೂಕುಗಳ ಮುಂದೆ ಒಂದೇ ಬೆಳಗ್ಗೆ ಸಹಸ್ರಾರು ಮಂದಿ ಸೂಡಾನಿಗಳು ಬಿದ್ದುದನ್ನು ಕುದುರೆಯ ಮೇಲಿಂದ ಕಣ್ಣಾರೆ ಕಂಡು ಗ್ರಂಥಸ್ಥಗೊಳಿಸಿದವರು. ಅದು ಯುದ್ಧವಲ್ಲವೆ ಎನ್ನಬಹುದು, ಯುದ್ಧವೇ ಸರಿ. ಆದರೆ 1920ರಲ್ಲಿ ಅವರು ಯುದ್ಧಮಂತ್ರಿಯಾಗಿದ್ದಂತೆಯೇ ವಾಯುಮಂತ್ರಿಯೂ ಆಗಿದ್ದರು; ಮೆಸೊಪೊಟೇಮಿಯವನ್ನು ವಿಮಾನಗಳಿಂದ ಹತೋಟಿಯಲ್ಲಿಡುವ ಯೋಜನೆ ಅದೇ ವರ್ಷದ ಆರಂಭದಲ್ಲಿ ಅವರ ಮೇಜಿನಿಂದಲೇ ಹೊರಟಿದ್ದಿತು; ಅದೇ ಬೇಸಗೆಯಲ್ಲಿ ಅಲ್ಲಿ ದಂಗೆಯೆದ್ದು ಬಾಂಬುಗಳು ಬೀಳುತ್ತಿದ್ದುವು. ಮೈದಾನವೊಂದರ ಮೇಲೆಯೇ ಭಾಷಣದ ಭಾರವೆಲ್ಲ ಬಿದ್ದು, ಗುಜ್ರಾನ್‌ವಾಲಾದ ಬಾಂಬುಗಳು ವಾದದ ಬುಡಕ್ಕೆ ಬರದೆಹೋದುದು ಆಶ್ಚರ್ಯವಲ್ಲ. ಐರ್ಲೆಂಡಿನಲ್ಲಿ ಬ್ಲ್ಯಾಕ್ ಅಂಡ್ ಟ್ಯಾನ್ ಎಂಬ ಪೊಲೀಸು ಪಡೆಯವರು ಆಗಲೇ ಇಳಿದಿದ್ದರು. ನಾಲ್ಕು ತಿಂಗಳ ಮೇಲೆ, ನವೆಂಬರ್ 21ರಂದು, ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಕಾಲ್ಚೆಂಡಿನ ಪಂದ್ಯ ನೋಡಲು ಸೇರಿದ್ದ ಗುಂಪಿನ ಮೇಲೆ ಸರ್ಕಾರದ ಪಡೆಗಳು ಗುಂಡು ಹಾರಿಸಿದುದರಿಂದ 14 ಮಂದಿ ಸತ್ತರು. ಏಕಾಂತವಾಗಿ ನಿಂತಿದ್ದ ಘಟನೆಗೆ ಇಷ್ಟು ಬೇಗ ನೆರೆಹೊರೆ ಏರ್ಪಟ್ಟಿತು.

ಮಾಂಟೆಗ್ಯು ಅವರ ವಿಷಯದಲ್ಲಿ ಪ್ರಚಲಿತ ಅಭಿಪ್ರಾಯ ಇನ್ನೂ ಅನ್ಯಾಯವಾದುದು. ಚರ್ಚೆಯನ್ನು ಪ್ರಾರಂಭಿಸಿದ ಅವರು ತಾಳ್ಮೆ ಕಳೆದುಕೊಂಡು, ಸಭೆಯ ನಾಡಿಯನ್ನರಿಯದೆ, ಸರ್ಕಾರವನ್ನು ಸೋಲಿನ ಅಂಚಿಗೆ ತಂದರೆಂದೂ, ಸಿದ್ಧತೆಯಿಲ್ಲದ ಭಾವೋದ್ರೇಕಕ್ಕೆ ಅವರ ಭಾಷಣ ನಿದರ್ಶನವೆಂದೂ, ಸಿದ್ಧತೆಯುಳ್ಳ ವಿವೇಕಕ್ಕೆ ಚರ್ಚಿಲ್ಲರದು ನಿದರ್ಶನವೆಂದೂ ಪುಸ್ತಕಗಳು ಹೇಳುತ್ತವೆ. ಆದರೆ ಅವರು ಕೇಳಿದುದೇನು? ಭಾರತವನ್ನು ನೀವು ಭಯದಿಂದ, ಜನಾಂಗದ ಅವಮಾನದಿಂದ ಹಿಡಿದಿಟ್ಟುಕೊಳ್ಳುವಿರಾ, ಅಥವಾ ಆ ಜನರ ವಿಶ್ವಾಸದ ಮೇಲೆ ನಿಲ್ಲುವಿರಾ, ಎಂದು. ಕೂಗಾಟದ ನಡುವೆ ಅದನ್ನೇ ಮತ್ತೆ ಮತ್ತೆ ಕೇಳಿದರು. ವಸಾಹತುನೀತಿಯ ಚರ್ಚೆಯೆನ್ನಿಸಿಕೊಂಡ ಆ ಚರ್ಚೆಯಲ್ಲಿ ಮಂತ್ರಿಗಳ ಪೀಠದಿಂದ ಬಂದ ನೀತಿಯ ಪ್ರಶ್ನೆ ಇದೊಂದೇ. ಸಭೆ ಕೆರಳಿದುದು ಪ್ರಶ್ನೆಯ ಧಾಟಿಗಾಗಿ ಎನ್ನುವವರು, ಆ ದಿನ ಅವರ ಯಹೂದಿ ಜನ್ಮವನ್ನು ಕುರಿತು ಪೀಠಗಳಲ್ಲಿ ಹರಿದಾಡಿದ ಮಾತುಗಳನ್ನು ಮರೆಯಬಾರದು. ಪ್ರಧಾನಮಂತ್ರಿ ಲಾಯ್ಡ್ ಜಾರ್ಜರು ಆಗ ಬೆಲ್ಜಿಯಮ್ಮಿನ ಸ್ಪಾ ನಗರದ ಸಮ್ಮೇಳನದಲ್ಲಿದ್ದರು. ಅವರ ಕಾರ್ಯದರ್ಶಿ ಅಲ್ಲಿಗೆ ಬರೆದು ಕಳುಹಿಸಿದ ವರದಿಯಲ್ಲಿಯೂ ಆ ಜನ್ಮವೇ ಹಾಸ್ಯದ ವಸ್ತುವಾಗಿದ್ದಿತು. ಒಳ್ಳೆಯ ಸಿದ್ಧತೆಯೆಂದರೆ ಸಭೆಗೆ ಬೇಡವಾದ ಪ್ರಶ್ನೆಯನ್ನು ಎತ್ತದಿರುವುದೆಂದಾದರೆ, ಮಾಂಟೆಗ್ಯು ಅವರ ಸಿದ್ಧತೆ ಕೆಟ್ಟುದೇ ಸರಿ.

ಅವರನ್ನು ನಾನು ನಿರ್ದೋಷಿಯೆನ್ನುತ್ತಿಲ್ಲ. ಅವರ ತಪ್ಪು ಜುಲೈ 8ರದಲ್ಲ, ಮೇ ತಿಂಗಳದು. ಓಡ್ವಯರರನ್ನು ಹೊಗಳಿದ ಆಜ್ಞಾಪತ್ರ ಅವರ ಕಚೇರಿಯಿಂದಲೇ ಹೊರಟಿದ್ದಿತು. ಪಂಜಾಬಿನ ಆಡಳಿತವನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಳಗೆ ಬಂದು, ಭಯದ ಆಡಳಿತ ಬೇಕೇ ಬೇಡವೇ ಎಂದು ಕೇಳಿದರೆ ಪ್ರಶ್ನೆಗೆ ಬಲವೆಲ್ಲಿಂದ ಬರಬೇಕು? ಡಯರನ ಪರವಾಗಿ ನಿಂತ ಸದಸ್ಯ ಎಡ್ವರ್ಡ್ ಕಾರ್ಸನ್ನರು ಎದ್ದು, ನಿಷ್ಕಳಂಕ ಸೇವೆ ಸಲ್ಲಿಸಿದ ಸೈನಿಕನೊಬ್ಬನನ್ನು ಮಾತ್ರ ಮುರಿಯುತ್ತಿರುವಿರಲ್ಲ, ಇದು ಇಂಗ್ಲಿಷರ ರೀತಿಯೆ, ಎಂದಾಗ ಅವರ ಮಾತಿನಲ್ಲಿ, ದುರುದ್ದೇಶದಿಂದ ಆಡಿದುದಾದರೂ, ಒಂದು ಎಳೆ ನಿಜವಿದ್ದಿತು: ಒಬ್ಬನನ್ನೇ ಏಕೆ?

ಸೂಚನೆಯ ರೂಪವನ್ನು ಕುರಿತು ಒಂದು ಮಾತು ಹೇಳದೆ ಮುಂದುವರಿಯಲಾರೆ. ಸಭೆ ಅಂದು ಮತ ಕೊಟ್ಟುದು ಜಲಿಯನ್‌ವಾಲಾ ಬಾಗಿನ ಮೇಲೆ ಅಲ್ಲ. ಭಾರತಮಂತ್ರಿಯ ಸಂಬಳದಲ್ಲಿ ನೂರು ಪೌಂಡನ್ನು ಕಡಿಮೆಮಾಡಬೇಕೇ ಎಂಬುದರ ಮೇಲೆ. ಅಸಮಾಧಾನವನ್ನು ಸೂಚಿಸುವ ಪಾರ್ಲಿಮೆಂಟಿನ ಹಳೆಯ ಪದ್ಧತಿ ಇದು. ನಮ್ಮ ಲೋಕಸಭೆಯಲ್ಲಿಯೂ ಸಾಂಕೇತಿಕ ಕಡಿತದ ಸೂಚನೆ ನೂರು ರೂಪಾಯಿಯದಾಗಿಯೇ ಉಳಿದುಬಂದಿದೆ. ಆ ನೂರು ಪೌಂಡಿಗೂ ಒಂದು ಚರಿತ್ರೆಯಿದೆ. 1919ರ ಭಾರತ ಸರ್ಕಾರದ ಶಾಸನ ಬರುವವರೆಗೆ ಲಂಡನ್ನಿನಲ್ಲಿ ಕುಳಿತು ಭಾರತವನ್ನಾಳುವ ಮಂತ್ರಿಯ ಸಂಬಳ ಭಾರತದ ಕಂದಾಯದಿಂದ ಹೋಗುತ್ತಿದ್ದಿತು; ಆದುದರಿಂದ ಅದನ್ನು ಕಡಿಮೆಮಾಡುವ ಸೂಚನೆಯ ಮೂಲಕ ಅವನನ್ನು ಪ್ರಶ್ನಿಸುವ ಅವಕಾಶವೂ ಕಾಮನ್ಸ್ ಸಭೆಗೆ ಇರಲಿಲ್ಲ. ಆ ಅವಕಾಶ ದೊರೆತ ಮೊದಲ ವರ್ಷದಲ್ಲಿಯೇ ಅದನ್ನು ಸಭೆ ಹೇಗೆ ಬಳಸಿಕೊಂಡಿತೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಕಾರ್ಮಿಕ ಪಕ್ಷದ ಬೆನ್ ಸ್ಪೂರರು ಡಯರನೊಬ್ಬನಲ್ಲಿ ನಿಲ್ಲದೆ ಮೇಲಿನವರ ಹೊಣೆಯನ್ನೂ ವಿಚಾರಿಸಬೇಕೆಂದು ವಾದಿಸಿದರು. ಆ ಕಡೆಯ ಸೂಚನೆಗೆ ಬಿದ್ದ ಮತಗಳು 37, ವಿರುದ್ಧ 247. ಡಯರನಿಗೆ ಅನ್ಯಾಯವಾಯಿತೆಂದವರ ಸೂಚನೆಗೆ 129 ಮತಗಳು, ವಿರುದ್ಧ 230. ಎರಡನೆಯ ಲೆಕ್ಕವನ್ನು ಎಲ್ಲ ಗ್ರಂಥಗಳೂ ವಿಜಯವೆಂದು ಉದ್ಧರಿಸುತ್ತವೆ. ಮೊದಲನೆಯದನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ. ಹೊಣೆ ಎಲ್ಲಿಗೆ ಏರುತ್ತದೆಂದು ನೋಡಲು ಇಚ್ಛಿಸಿದವರು ಆ ದೊಡ್ಡ ಸಭೆಯಲ್ಲಿ 37 ಮಂದಿ!

ಆದರೂ ಚರ್ಚೆಯೆಂಬುದು ನಡೆಯಿತಲ್ಲವೆ, ಬೇರೆ ಯಾವ ಸಾಮ್ರಾಜ್ಯದಲ್ಲಿ ಅಷ್ಟಾದರೂ ನಡೆಯುತ್ತಿದ್ದಿತು, ಎಂಬ ಸಮಾಧಾನ ಉಳಿಯುತ್ತದೆ. ಇದನ್ನು ಹೇಳುವವರಲ್ಲಿ ಸಜ್ಜನರೂ ಇದ್ದಾರೆ. ಆದುದರಿಂದ ಅವರಿಗೆ ಸಾವಧಾನವಾಗಿಯೇ ಉತ್ತರ ಹೇಳಬೇಕು. ಬಹಿರಂಗ ಚರ್ಚೆ ಗುಪ್ತ ಆಡಳಿತಕ್ಕಿಂತ ಮೇಲೆಂಬುದರಲ್ಲಿ ವಿವಾದವಿಲ್ಲ. ಚರ್ಚೆಯಿಂದ ಹೊರಬಿದ್ದ ಕಾಗದಪತ್ರಗಳಿಲ್ಲದೆ ಈ ಲೇಖನವನ್ನು ಬರೆಯುವುದೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಚರ್ಚೆಗೆ ಸಲ್ಲುವ ಗೌರವ ಅದು ಸರ್ಕಾರದ ಕೈಯನ್ನು ಎಷ್ಟು ಕಟ್ಟಿಹಾಕಿತು, ನೊಂದವರಿಗೆ ಏನನ್ನು ಕೊಟ್ಟಿತು ಎಂಬುದರಿಂದ ಬರಬೇಕೇ ಹೊರತು, ಅದು ಎಷ್ಟು ಸೊಗಸಾಗಿ ಕೇಳಿಸಿತೆಂಬುದರಿಂದಲ್ಲ. ಕಾಮನ್ಸ್ ಸಭೆ ಏನನ್ನೂ ಇತ್ಯರ್ಥಮಾಡಲಿಲ್ಲವೆಂಬುದು ಹನ್ನೆರಡು ದಿನಗಳಲ್ಲಿಯೇ ಬಯಲಾಯಿತು. ಜುಲೈ 19 ಮತ್ತು 20ರಂದು ಲಾರ್ಡ್ಸ್ ಸಭೆಯಲ್ಲಿ ವೈಕೌಂಟ್ ಫಿನ್ಲೇ ಅವರು ಡಯರನ ವಿಷಯದಲ್ಲಿ ಸರ್ಕಾರ ಅನ್ಯಾಯವಾಗಿ ನಡೆದುಕೊಂಡಿತೆಂದು ಸೂಚನೆ ತಂದರು. 129 ಮತಗಳಿಂದ, 86ಕ್ಕೆ ಎದುರಾಗಿ, ಅದು ಗೆದ್ದಿತು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಡಯರನಿಗಾಗಿ ತೆರೆದ ನಿಧಿಗೆ 26,000 ಪೌಂಡಿಗೂ ಮೀರಿ ಹಣ ಸೇರಿತು. ಸರ್ಕಾರದ ಸಿದ್ಧತೆ ಕಾಮನ್ಸ್ ಸಭೆಯ ಮತಗಣನೆಗೆ ತಕ್ಕಷ್ಟಿದ್ದಿತು. ದೇಶದ ಮನಸ್ಸನ್ನು ಬದಲಿಸುವಷ್ಟಿರಲಿಲ್ಲ, ಹಾಗಿರಬೇಕೆಂಬ ಬಯಕೆಯೂ ಅದರಲ್ಲಿರಲಿಲ್ಲ. ಆ ದಿನಗಳಲ್ಲಿ ಇಂಗ್ಲೆಂಡಿನಲ್ಲಿಯೇ ಇದ್ದ ರವೀಂದ್ರನಾಥ ಠಾಕೂರರು ಎರಡು ಸಭೆಗಳ ಚರ್ಚೆಗಳನ್ನೂ ಓದಿ, ಆಳುವ ವರ್ಗದ ಮನೋಭಾವ ಏನೆಂಬುದರಲ್ಲಿ ಇನ್ನು ಸಂಶಯ ಉಳಿಯಲಿಲ್ಲವೆಂಬ ವ್ಯಥೆಯಿಂದ ತಮ್ಮ ಸ್ನೇಹಿತ ಆಂಡ್ರೂಸರಿಗೆ ಕಾಗದ ಬರೆದರು. ಆಗಸ್ಟ್ 1ರಂದು ಗಾಂಧೀಜಿ ತಮ್ಮ ಕೈಸರ್-ಇ-ಹಿಂದ್ ಪದಕವನ್ನು ವೈಸ್‌ರಾಯರಿಗೆ ಹಿಂದಿರುಗಿಸಿ ಅಸಹಕಾರವನ್ನು ಪ್ರಾರಂಭಿಸಿದರು. ಚರ್ಚಿಲ್ಲರ ಭಾಷಣವನ್ನು ಓದಿ ಭಾರತ ಸಮಾಧಾನ ಹೊಂದಿತೆಂಬುದಕ್ಕೆ ಯಾವ ಸಾಕ್ಷ್ಯವನ್ನೂ ಅದನ್ನು ಹೊಗಳುವವರು ಇದುವರೆಗೆ ಕೊಟ್ಟಿಲ್ಲ.

ಬೇಲಿಯ ಹೊರಗೆ ನಿಲ್ಲಿಸಿದ ಮನುಷ್ಯನೇನಾದನೆಂಬುದೊಂದು ಉಳಿಯಿತು. ಜಲಿಯನ್‌ವಾಲಾ ಬಾಗಿನ ವರ್ಷವೇ, ಪಂಜಾಬಿನ ದೌರ್ಜನ್ಯವನ್ನು ಪ್ರತಿಭಟಿಸಿ ವೈಸ್‌ರಾಯರ ಕಾರ್ಯಕಾರಿ ಮಂಡಲಿಗೆ ರಾಜೀನಾಮೆಯಿತ್ತಿದ್ದ ಸರ್ ಶಂಕರನ್ ನಾಯರರು, 1922ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಆ ದೌರ್ಜನ್ಯಗಳ ಹೊಣೆ ಓಡ್ವಯರರದೆಂದು ಬರೆದರು. ಓಡ್ವಯರರು ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದರು. ಮಂತ್ರಿಗಳು ತಪ್ಪಿಸಿದ್ದ ವಿಚಾರಣೆ 1924ರಲ್ಲಿ ಹೀಗೆ ತಲೆಕೆಳಗಾಗಿ ನಡೆಯಿತು: ಆಪಾದಿತನ ಸ್ಥಾನದಲ್ಲಿ ಭಾರತೀಯ, ಫಿರ್ಯಾದಿಯ ಸ್ಥಾನದಲ್ಲಿ ಪಂಜಾಬಿನ ಮಾಜಿ ಲೆಫ್ಟಿನೆಂಟ್ ಗವರ್ನರ್. ನ್ಯಾಯಾಧೀಶ ಮೆಕಾರ್ಡಿ ಜ್ಯೂರಿಯನ್ನುದ್ದೇಶಿಸಿ, ಡಯರನು ಮಾಡಿದುದು ಸರಿಯೆಂದೂ ಭಾರತಮಂತ್ರಿ ಅವನನ್ನು ದಂಡಿಸಿದುದು ತಪ್ಪೆಂದೂ ತಮ್ಮ ಅಭಿಪ್ರಾಯವನ್ನು ಹೇಳಿದರು. ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಓಡ್ವಯರರ ಪರವಾದರು. ನಾಯರರು ಕ್ಷಮೆ ಕೇಳಿದರೆ ಹಣವನ್ನು ಬಿಟ್ಟುಬಿಡುವೆನೆಂದು ಗೆದ್ದವರು ಹೇಳಿ ಕಳುಹಿಸಿದರು. ನಾಯರರು ಒಪ್ಪದೆ, ಐನೂರು ಪೌಂಡನ್ನೂ ದಾವೆಯ ಖರ್ಚನ್ನೂ ತೆತ್ತರು.